ಕೆಂಪು ಟವೆಲ್ಲಿನ ಮನೆ

ಸಂಜೆಯ ಪ್ರಾರ್ಥನೆ ಮುಗಿಸಿ, ತರಕಾರಿ ಕೊಂಡು ನಾನು ಮೆಟ್ಟಿಲು ಹತ್ತಿ ಬಂದಾಗ ನಮ್ಮ ಯಜಮಾನರು ಮೊಮ್ಮಗನ ಕೋಣೆಯ ಬಾಗಿಲ ಹೊರಗೆ, ಅಡುಗೆಮನೆಯ ಸ್ಟೂಲಿನ ಮೇಲೆ, ಗೋಡೆಗೆ ತಲೆ ಒರಗಿಸಿ ಕುಳಿತಿದ್ದರು. ನಿದ್ದೆ ಹೋಗಿದ್ದಾರೆ ಎಂದುಕೊಂಡೆ. ತರಕಾರಿಯ ಚೀಲವನ್ನು ಸದ್ದಾಗದಂತೆ ಕೆಳಗಿಟ್ಟೆ. ಏಕೆಂದರೆ ಬಾಗಿಲ ಹಿಡಿಗೆ ಕೆಂಪು ಟವೆಲ್ ನೇತುಬಿದ್ದಿತ್ತು. ಟವೆಲ್ ಇದ್ದರೆ ಒಳಗೆ ಮ್ಯಾಚ್ ನಡೆಯುತ್ತಿದೆ ಎಂದು ಅರ್ಥ. ಮ್ಯಾಚ್ ನಡೆಯುವಾಗ ನಮ್ಮ ಮನೆಯಲ್ಲಿ ಯಾರೂ ದನಿಯೆತ್ತುವಂತಿರಲಿಲ್ಲ.

"ರೀ, ಒಳಗೆ ಹೋಗಿ ಮಲಗಿ" ಎಂದು ಅವರ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದೆ. ಭುಜ ಮುಟ್ಟಿದೆ. ತಲೆ ಪಕ್ಕಕ್ಕೆ ವಾಲಿತು. ಕೈ ತಣ್ಣಗಿತ್ತು.

ನಾನು ಕಿರುಚಿದೆ. ಆಗ ಒಳಗಿನಿಂದ ಉತ್ತರ ಬಂತು: "ಶ್! ಯಾರದು ಗಲಾಟೆ? ಇನ್ನೆರಡು ನಿಮಿಷ ಸುಮ್ನಿರಕ್ಕಾಗಲ್ವಾ?"

ಸುಮಾರು ಐವತ್ತು ವರ್ಷ ಜೊತೆಗೆ ಬಾಳಿದ ಗಂಡ ತೀರಿಕೊಂಡ ಗಳಿಗೆಯಲ್ಲಿ ನನಗೆ ಈ ಮನೆಯಿಂದ ಸಿಕ್ಕ ಮೊದಲ ಸಾಂತ್ವನ ಅದು.

ಆ ಟವೆಲ್ಲಿನ ವಿಷಯ ಹೇಳದಿದ್ದರೆ ಉಳಿದದ್ದು ಅರ್ಥವಾಗದು. ಮೊಮ್ಮಗನಿಗೆ ಇಪ್ಪತ್ತೆರಡು ವರ್ಷ. ಓದನ್ನು ಅರ್ಧಕ್ಕೆ ಬಿಟ್ಟು, ಐದು ಜನರ ತಂಡ ಕಟ್ಟಿಕೊಂಡು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಒಂದು ಆಟದಲ್ಲಿ ಮೇಲಿನ ರ್‍ಯಾಂಕ್ ಹಿಡಿಯುತ್ತೇನೆಂದು ಕುಳಿತವನು. ಆಟದಲ್ಲಿ ಅವನ ಹೆಸರು ಸಿಡಿಲು. ನೀರಿನ ಕ್ಯಾನ್ ಎತ್ತಿಡು ಎಂದರೆ ಬೆನ್ನು ನೋವು ಎನ್ನುವ ಸಿಡಿಲು. ಸೋತಾಗ ಮಾತ್ರ ನಿಜವಾಗಿಯೂ ಸಿಡಿಯುತ್ತಿದ್ದ. ಕೀಬೋರ್ಡನ್ನು ಮೇಜಿಗೆ ಕುಕ್ಕುವುದು, ಗೋಡೆಗೆ ಗುದ್ದುವುದು, ತಂಡದವರನ್ನು ಬಾಯಿಗೆ ಬಂದಂತೆ ಬೈಯುವುದು. ಗುದ್ದಿದ ಕಡೆ ಗೋಡೆಯಲ್ಲಿ ಗುಂಡಿ ಬಿದ್ದಾಗ ನನ್ನ ಮಗ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ. ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ಮನ್ ಆದವನಿಗೆ ಒಡಕನ್ನು ಮರೆಮಾಡಿ ತೋರಿಸುವುದು ಕಷ್ಟವಲ್ಲ.

"ಸೋಲು ತಡ್ಕೊಳ್ಳಕ್ಕಾಗಲ್ಲ ಅಮ್ಮ ಅವನಿಗೆ. ತುಂಬ ಸೂಕ್ಷ್ಮ" ಎನ್ನುತ್ತಿದ್ದ ಮಗ.

"ಗೋಡೆಗಿಂತಾನಾ ಅಪ್ಪ?" ಎನ್ನುತ್ತಿದ್ದಳು ಮೊಮ್ಮಗಳು. ಅವಳು ಕಾಲೇಜು ಮುಗಿಸಿ ಸಂಜೆ ಬೇಕರಿಯಲ್ಲಿ ದುಡಿಯುವವಳು. ನಿನ್ನೆಯ ಬನ್ನಿಗೆ ಕೊಡುವಷ್ಟು ಬೆಲೆಯನ್ನೂ ಅಣ್ಣನಿಗೆ ಕೊಡುತ್ತಿರಲಿಲ್ಲ.

ಸೊಸೆಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಕಂಡಕಂಡವರ ಕೈಗೆ ಅಳುಕದೆ ಸೂಜಿ ಚುಚ್ಚುವವಳು, ಹೆತ್ತ ಮಗನ ಬಾಗಿಲು ತಟ್ಟಲು ನಡುಗುತ್ತಿದ್ದಳು. ಟವೆಲ್ ಅವಳ ಉಪಾಯ. ಅದು ನೇತುಬಿದ್ದಾಗ ಮಿಕ್ಸಿ ಹಾಕುವಂತಿಲ್ಲ. ಕುಕ್ಕರ್ ಕೂಗುವಂತಿಲ್ಲ, ಕೂಗುವ ಮೊದಲೇ ಒಲೆ ಆರಿಸಿ ಅರೆಬೆಂದ ಬೇಳೆ ತಿನ್ನಬೇಕು. ಫೋನಿನಲ್ಲಿ ವಿಡಿಯೊ ಹಚ್ಚುವಂತಿಲ್ಲ, ಅವನ ನೆಟ್ ನಿಧಾನವಾಗುತ್ತದೆ. ಕೆಮ್ಮು ಬಂದರೆ ಬಾಲ್ಕನಿಗೆ ಹೋಗಬೇಕು. ನಮ್ಮ ಯಜಮಾನರು ಲಿಫ್ಟ್ ರಿಪೇರಿಯಲ್ಲೇ ಆಯುಷ್ಯ ಕಳೆದವರು; ಸ್ಕ್ರೂಡ್ರೈವರ್ ತಂದು ಕರೆಗಂಟೆಯ ವೈರನ್ನು ತಾವೇ ಬಿಚ್ಚಿಟ್ಟರು.

"ಹುಡುಗನಿಗೆ ಗಮನ ಕೆಡುತ್ತಂತೆ. ಇರಲಿ ಬಿಡು" ಎಂದರು ನನಗೆ.

ಹೀಗೆ ಅವನ ಸಿಟ್ಟನ್ನು ಅವನೊಬ್ಬನನ್ನು ಬಿಟ್ಟು ಮನೆಮಂದಿಯೆಲ್ಲ ನಿಭಾಯಿಸುತ್ತಿದ್ದೆವು.

ಆ ಸಂಜೆ ಕೆಳಗಿನ ಮಹಡಿಯ ಡಾಕ್ಟರ್ ಓಡಿಬಂದು ನಾಡಿ ನೋಡಿದರು. "ಹೃದಯ" ಎಂದರು. "ನೋವು ಶುರುವಾಗಿ ಸ್ವಲ್ಪ ಹೊತ್ತಾದ್ರೂ ಇದ್ದಿರುತ್ತೆ. ಬೇಗ ಗೊತ್ತಾಗಿದ್ರೆ ಉಳೀತಿದ್ರಾ ಅಂದ್ರೆ ಹೇಳಕ್ಕಾಗಲ್ಲ. ಆದ್ರೆ ಕರೆದಿರ್ತಾರಲ್ಲ? ಮನೇಲಿ ಯಾರಿದ್ರು?"

"ನಾನಿದ್ದೆ" ಎಂದ ಮೊಮ್ಮಗ. ಹೆಡ್‌ಫೋನ್ ಇನ್ನೂ ಕೊರಳಲ್ಲಿತ್ತು. "ಕಿವಿಗೆ ಇದನ್ನ ಹಾಕ್ಕೊಂಡಿದ್ದೆ. ಏನೂ ಕೇಳಿಸ್ಲಿಲ್ಲ."

ಸಾವು ದೇವರ ಕೈಯಲ್ಲಿರುವುದು. ಅದಕ್ಕೆ ನಾನು ಯಾರನ್ನೂ ಹೊಣೆ ಮಾಡುವವಳಲ್ಲ. ಆದರೆ ಅವರು ಕರೆದರೋ ಇಲ್ಲವೋ, ಕರೆದರೆ ಏನೆಂದು ಕರೆದರು, ಅಷ್ಟು ನನಗೆ ಬೇಕಿತ್ತು. ಆ ಮನುಷ್ಯ ಕೊನೆಯ ಮಾತೊಂದನ್ನು ಆಡಿದ್ದರೆ ಅದು ನನ್ನ ಸೊತ್ತು.

ಅಂತ್ಯಕ್ರಿಯೆ ಮುಗಿಯಿತು. ನೆಂಟರು ಬಂದು ಅತ್ತು, ಉಂಡು, ಮನೆ ಎಷ್ಟು ನಿಶ್ಶಬ್ದವಾಗಿದೆ ಎಂದು ಹೊಗಳಿ ಹೋದರು. ಮೊಮ್ಮಗ ಕೆಲವು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. ತಟ್ಟೆಯನ್ನು ಸಿಂಕಿನವರೆಗೆ ಒಯ್ಯುವಷ್ಟು ದುಃಖ ಮಾತ್ರ ಅವನಿಗೆ ಆಗಿರಲಿಲ್ಲ.

"ಅವರು ಕರೆದ್ರೇನೋ?" ಎಂದು ನಾನು ದಿನಕ್ಕೊಂದು ಸಲ ಕೇಳುತ್ತಿದ್ದೆ.

"ಇಲ್ಲ ಅಂತ ಹೇಳಿದ್ನಲ್ಲ ಅಜ್ಜಿ."

"ಅತ್ತೆ, ಹುಡುಗನ್ನ ಗೋಳುಹೊಯ್ಕೋಬೇಡಿ" ಎನ್ನುತ್ತಿದ್ದಳು ಸೊಸೆ, ಕಣ್ಣೊರೆಸಿಕೊಳ್ಳುತ್ತ.

"ಕೇಳಿದ್ರೆ ಗೋಳುಹೊಯ್ಕೊಂಡಂಗಾ? ಈ ಮನೇಲಿ ಮಾತಾಡಿದ್ರೇ ತಪ್ಪು ಅಂತ ಆಗಿ ಎಷ್ಟು ಕಾಲ ಆಯ್ತು?"

ಮಗನಿಗೆ ಬೇರೆ ಚಿಂತೆ. ದೊಡ್ಡ ಟೂರ್ನಮೆಂಟ್ ಹತ್ತಿರ ಬಂದಿತ್ತು. ಅದು ಬರುವ ಮೊದಲೇ ಸಿಡಿಲು ನಂದಿಹೋದರೆ? ಆಟಗಾರರ ಮನಸ್ಸನ್ನು ರಿಪೇರಿ ಮಾಡುವ ತರಬೇತುದಾರನೊಬ್ಬನನ್ನು ಎಲ್ಲಿಂದಲೋ ಹುಡುಕಿದ. ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಫೋನನ್ನು ಬ್ರೆಡ್ಡಿನ ತಟ್ಟೆಗೆ ಒರಗಿಸಿ ನಿಲ್ಲಿಸಿ ನಮ್ಮೆಲ್ಲರನ್ನೂ ಅದರೆದುರು ಕೂರಿಸಿದ. ಪರದೆಯಲ್ಲಿ ಟೋಪಿ ಹಾಕಿದ ಹುಡುಗನೊಬ್ಬ ಕಾಣಿಸಿಕೊಂಡ. ಗಡ್ಡ ಈಗಷ್ಟೇ ಬರಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು.

"ಸೋತಾಗ ಎದೆ ಬಡಿತ ಜೋರಾಗುತ್ತೆ. ಆಗ ಮೂಗಲ್ಲಿ ಉಸಿರು ತಗೊಳ್ಳಿ, ನಿಧಾನಕ್ಕೆ ಬಾಯಲ್ಲಿ ಬಿಡಿ" ಎಂದ ಅವನು. "ಒಂದು ಮ್ಯಾಚ್ ಸೋತ ತಕ್ಷಣ ಇನ್ನೊಂದಕ್ಕೆ ಕೂರಬೇಡಿ. ಕುರ್ಚಿ ಬಿಟ್ಟು ಏಳಿ, ನೀರು ಕುಡೀರಿ. ತಂಡದವರ ತಪ್ಪು ಲೆಕ್ಕ ಹಾಕೋ ಬದಲು ನಿಮ್ಮದು ಒಂದನ್ನ ನೋಡ್ಕೊಳ್ಳಿ. ಮತ್ತೆ, ಮನೆಯವರು ಶಾಂತವಾದ ವಾತಾವರಣ ಕೊಡಬೇಕು."

"ಸ್ವಾಮಿ" ಎಂದೆ ನಾನು, "ವಾತಾವರಣ ಎಷ್ಟು ಶಾಂತವಾಗಿದೆ ಅಂದ್ರೆ, ಮನುಷ್ಯ ಸತ್ರೂ ಗೊತ್ತಾಗಲ್ಲ ಇಲ್ಲಿ."

ಹುಡುಗ ಟೋಪಿ ಸರಿಮಾಡಿಕೊಂಡ. ಆಮೇಲೆ, "ನೀವೂ ಒಂದ್ಸಲ ಉಸಿರು ತಗೊಂಡು ನೋಡಿ ಅಮ್ಮ" ಎಂದ.

"ಅದನ್ನ ನಿಲ್ಸೋ ದಿನ ಬಂದಾಗ ಹೇಳಿ ಕಳಿಸ್ತೀನಿ, ಬಾ."

ಮೊಮ್ಮಗಳು ನಗು ತಡೆಯಲಾರದೆ ಚಹಾ ಚೆಲ್ಲಿದಳು. ಮಗ ಫೋನನ್ನು ಮಗುಚಿ ಹಾಕಿದ. "ಅಮ್ಮ, ದುಡ್ಡು ಕೊಟ್ಟು ಕರೆಸಿದೀನಿ ಅವರನ್ನ!" ಎಂದು ರೇಗಿದ. ಉಸಿರಾಡುವುದಕ್ಕೂ ದುಡ್ಡು ಕೊಡುವ ಮನೆತನ ನಮ್ಮದಾಯಿತಲ್ಲ ಎಂದು ನಾನು ಬ್ರೆಡ್ಡಿಗೆ ಬೆಣ್ಣೆ ಸವರಿದೆ. ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಆ ಟೋಪಿಯ ಹುಡುಗ ಮೊಮ್ಮಗನಿಗೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮನೆಯವರಿಗೆ ಹೇಳಿದ್ದೇ ವಿಷ.

ಆ ವಾರವೇ ಟವೆಲ್ ಮತ್ತೆ ಬಾಗಿಲಿಗೆ ಬಂತು. ಒಗೆದು, ಇಸ್ತ್ರಿ ಮಾಡಿ ಹಾಕಿದ್ದರು. ಅದರ ಪಕ್ಕ ಸ್ಟೂಲ್ ಇದ್ದ ಜಾಗ ಖಾಲಿಯಿತ್ತು. ನಾನು ನೋಡುತ್ತ ನಿಂತೆ. ಮಗ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ತುದಿಗಾಲಲ್ಲಿ ಬಂದ.

"ಅಮ್ಮ, ಪ್ರಾಕ್ಟೀಸ್ ನಡೀತಿದೆ."

"ನಿನ್ನಪ್ಪ ಎಲ್ಲಿ ಕೂತು ಸತ್ರು, ಜ್ಞಾಪಕ ಇದೆಯಾ ನಿಂಗೆ?"

"ಮೆಲ್ಲಗೆ..."

"ಮೆಲ್ಲಗೇ ಕೇಳ್ತಿದೀನಿ. ಜೋರಾಗಿ ಕೇಳಿದ್ರೆ ಕೆಳಗಿನ ಮಹಡಿಯವರಿಗೂ ನಾಚಿಕೆಯಾಗುತ್ತೆ."

"ಹೋದವರು ವಾಪಸ್ ಬರಲ್ಲ ಅಮ್ಮ. ಇರೋನ ಭವಿಷ್ಯ ನೋಡ್ಬೇಕಲ್ಲ."

ಭವಿಷ್ಯ ಬಾಗಿಲ ಆಚೆ "ಎಡಗಡೆ ನೋಡೋ ಕತ್ತೆ!" ಎಂದು ಯಾರಿಗೋ ಅರಚುತ್ತಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಕರೆಗಂಟೆ ಸತ್ತದ್ದು ಹಾಗೆಯೇ ಇತ್ತು. ತೆಗೆದರೆ ದಪ್ಪನೆಯ ದುಂಡುಮುಖದ ಹುಡುಗಿ, ಕೈಯಲ್ಲಿ ಹಣ್ಣಿನ ಚೀಲ. ಔಷಧಿ ಅಂಗಡಿಯಲ್ಲಿ ಕೆಲಸವಂತೆ. ಮೊಮ್ಮಗನ ತಂಡದವಳು. ಆಟದಲ್ಲಿ ಹೆಸರು ಮಂಜುಗಡ್ಡೆ.

"ಯಾವತ್ತೂ ಮುಖ ನೋಡಿರ್ಲಿಲ್ಲ ಅಜ್ಜಿ ನಾವು. ತಾತನ ವಿಷಯ ಗೊತ್ತಾಯ್ತು. ರಜೆ ಸಿಕ್ಕಿದ್ದೇ ಇವತ್ತು" ಎಂದು ಚಪ್ಪಲಿ ಕಳಚಿ ಒಳಗೆ ಬಂದಳು. ಕತ್ತೆ ಎಂದು ಅವನು ಬೈಯುತ್ತಿದ್ದುದು ಇವಳನ್ನೇ ಎಂದು ಆಮೇಲೆ ತಿಳಿಯಿತು.

ಮಗ ಸೊಸೆ ಇಬ್ಬರೂ ಹೊರಗೆ ಹೋಗಿದ್ದರು. ನಾನು ಅವಳಿಗೂ ಮೊಮ್ಮಕ್ಕಳಿಗೂ ಅನ್ನ, ಬೇಳೆ, ಮೊಟ್ಟೆ ಬಡಿಸಿದೆ. ಹುಡುಗಿ ಸಂಕೋಚವಿಲ್ಲದೆ ಉಂಡಳು. ಅದು ನನಗೆ ಹಿಡಿಸಿತು. ಮೊಮ್ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ.

"ತಾತ ಎಷ್ಟು ಮೆತ್ತಗೆ ಮಾತಾಡ್ತಿದ್ರು ಅಲ್ವಾ ಅಜ್ಜಿ?" ಎಂದಳು ಅವಳು.

"ನಿಂಗೆ ಹೇಗಮ್ಮ ಗೊತ್ತು?"

"ಅವತ್ತು ಕೇಳಿದ್ನಲ್ಲ, ಇವನ ಮೈಕಲ್ಲಿ. ಬಾಗಿಲು ಸ್ವಲ್ಪ ತೆಗೆದ್ರು ಅನ್ಸುತ್ತೆ. ಅದನ್ನೇ ನೆನೆಸ್ಕೊಂಡು ನಂಗೆ ಊಟ ಸೇರಿರ್ಲಿಲ್ಲ..." ಎನ್ನುತ್ತ ಅವಳು ನಮ್ಮ ಮುಖಗಳನ್ನು ನೋಡಿದಳು. "ಇವನು ಹೇಳಿಲ್ವಾ?"

"ನೀನು ಹೇಳು" ಎಂದೆ.

ಅವಳು ಮೊಮ್ಮಗನನ್ನು ನೋಡಿದಳು. ಅವನು ಅನ್ನವನ್ನು ಬೆರಳಲ್ಲಿ ಒಂದೊಂದೇ ಅಗುಳಾಗಿ ಬಿಡಿಸುತ್ತಿದ್ದ.

"'ಮಗು, ಸ್ವಲ್ಪ ಬರ್ತೀಯಾ, ಯಾಕೋ ಒಂಥರಾ ಆಗ್ತಿದೆ' ಅಂದ್ರು. ಇವನು 'ತಾತ, ಮ್ಯಾಚ್!' ಅಂತ ಕೂಗಿದ. 'ಓ, ಹೌದಾ. ಪರವಾಗಿಲ್ಲ, ಮುಗಿಸ್ಕೋ. ನಾನು ಇಲ್ಲೇ ಕೂತಿರ್ತೀನಿ' ಅಂದ್ರು. ಅಷ್ಟೇ ಅಜ್ಜಿ. ಎದ್ದು ಹೋಗಿ ನೋಡು ಅಂತ ನಾನಾದ್ರೂ ಹೇಳ್ಬೇಕಿತ್ತು. ನಾವು ಹಿಂದೆ ಬಿದ್ದಿದ್ವಿ. ಹೇಳ್ಲಿಲ್ಲ."

ಮೊಮ್ಮಗಳು ಊಟ ಬಿಟ್ಟು ಎದ್ದು ಹೋದಳು.

"ಗೆದ್ರಾ?" ಎಂದು ಕೇಳಿದೆ.

"ಇಲ್ಲ ಅಜ್ಜಿ. ಸೋತ್ವಿ."

ಹುಡುಗಿಯನ್ನು ಬಾಗಿಲವರೆಗೆ ಕಳಿಸಿ ಬಂದೆ. ಅತ್ತುಕೊಂಡೇ ಮೆಟ್ಟಿಲಿಳಿದಳು. ಮೊಮ್ಮಗ ಕೈ ಒಣಗಿಸಿಕೊಂಡು ಅಲ್ಲೇ ಕುಳಿತಿದ್ದ. ಬೈಯಲು ನನಗೆ ಮಾತು ಸಾಲದಿರಲಿಲ್ಲ; ಅವನು ಅದಕ್ಕೂ ಯೋಗ್ಯನಲ್ಲ ಎನ್ನಿಸಿತು. ನಮ್ಮ ಯಜಮಾನರ ಮೇಲೂ ಸಿಟ್ಟು ಬಂತು. ಎದೆ ಒಡೆಯುವ ಹೊತ್ತಿನಲ್ಲೂ ಪರವಾಗಿಲ್ಲ ಎಂದ ಆ ಮನುಷ್ಯನ ಸೌಜನ್ಯಕ್ಕೆ ಏನೆನ್ನಬೇಕು? ಆ ಸೌಜನ್ಯವನ್ನೇ ಇಷ್ಟು ವರ್ಷ ಉಂಡು ಬೆಳೆದ ಮನೆ ಇದು.

"ಸಂಜೆ ಊಟಕ್ಕೆ ಅಪ್ಪ ಅಮ್ಮ ಇರ್ತಾರೆ. ನೀನೇ ಹೇಳು" ಎಂದೆ. "ನಾನು ಹೇಳಲ್ಲ. ನಂಗೆ ಸೇರಬೇಕಾದ್ದನ್ನ ನಿನ್ನ ಹೊಟ್ಟೇಲಿ ಇಟ್ಕೊಂಡು ವಾರಗಟ್ಟಲೆ ತಿರುಗಾಡಿದ್ಯಲ್ಲ, ನೀನೇ ಹೊರಗೆ ಹಾಕು."

ಊಟಕ್ಕೆ ಕುಳಿತಾಗ ಅವನು ಹೇಳಿದ. ತಡವರಿಸಿದ, ನಡುವೆ ನಿಲ್ಲಿಸಿದ. ಆದರೆ ತಾತನ ಮಾತನ್ನು ಒಂದಕ್ಷರ ಬಿಡದೆ ಹೇಳಿದ. "ಗ್ಯಾಸ್ ಇರ್ಬೇಕು ಅಂದ್ಕೊಂಡೆ" ಎಂದ. "ಆಮೇಲೆ ಮರ್ತುಬಿಟ್ಟೆ. ನಿಜವಾಗ್ಲೂ ಮರ್ತೇಬಿಟ್ಟಿದ್ದೆ."

ನನ್ನ ಮಗ ಬಹಳ ಹೊತ್ತು ನೀರಿನ ಲೋಟವನ್ನು ತಿರುಗಿಸುತ್ತ ಕುಳಿತ. ತಂದೆಗಾಗಿ ಒಂದು ಮಾತು ಬರುತ್ತದೆಂದು ಕಾದೆ. ಬಂತು.

"ಆಗಿದ್ದು ಆಯ್ತು. ಈಗ ಇದನ್ನೇ ಮನಸ್ಸಲ್ಲಿ ಇಟ್ಕೋಬೇಡ ಕಣೋ. ಟೂರ್ನಮೆಂಟ್ ಮುಗೀಲಿ, ಆಮೇಲೆ ಕೂತು ಮಾತಾಡೋಣ."

"ಅಪ್ಪ!" ಎಂದಳು ಮೊಮ್ಮಗಳು. "ನೀನೂ ಒಂದು ಟವೆಲ್ ನೇತುಹಾಕ್ಕೋ, ಮುಖದ ಮೇಲೆ."

"ಏನೇ ಅಂದೆ?" ನನ್ನ ಮಗ ಕೈ ಝಾಡಿಸಿದ ರಭಸಕ್ಕೆ ಲೋಟ ಉರುಳಿ ನೀರು ಮೇಜಿನಿಂದ ನೆಲಕ್ಕೆ ಹರಿಯಿತು. ಸಿಟ್ಟು ಎಲ್ಲಿಂದ ಬಂದ ಬಳುವಳಿ ಎಂದು ಆಗ ಯಾರೂ ಕೇಳಬೇಕಾಗಿರಲಿಲ್ಲ.

ಸೊಸೆ ಎದ್ದಳು. ಸೀದಾ ಹೋಗಿ ಬಾಗಿಲ ಹಿಡಿಯಿಂದ ಕೆಂಪು ಟವೆಲ್ ಎಳೆದುಕೊಂಡು ಬಂದಳು. ಮೊಣಕಾಲೂರಿ ಕುಳಿತು, ಇಸ್ತ್ರಿಯ ಮಡಿಕೆ ಇನ್ನೂ ಬಿಚ್ಚದ ಆ ಬಟ್ಟೆಯಿಂದ ನೆಲ ಒರೆಸಿದಳು. ಮೇಜಿನ ಕೆಳಗೆ, ಗಂಡನ ಕಾಲ ಸುತ್ತ, ಮಗನ ಕಾಲ ಸುತ್ತ. ಒರೆಸಿ ಹಿಂಡಿ, ನೆಲ ಒರೆಸುವ ಬಟ್ಟೆಗಳ ಬಕೆಟ್ಟಿಗೆ ಎಸೆದಳು. ನಮ್ಮ ಮನೆಗೆ ಬಂದ ಮೇಲೆ ಅವಳು ಮಾಡಿದ ಕೆಲಸಗಳಲ್ಲಿ ನಾನು ಮೆಚ್ಚಿಕೊಂಡ ಕೆಲಸ ಅದೊಂದು.

"ಆಟ ಬಿಟ್ಬಿಡ್ತೀನಿ ಅಜ್ಜಿ" ಎಂದ ಮೊಮ್ಮಗ ಸಣ್ಣ ದನಿಯಲ್ಲಿ.

"ಬಿಟ್ಟು? ತಾತನಿಗೋಸ್ಕರ ಬಿಟ್ಟೆ ಅಂತ ಹೇಳ್ಕೊಂಡು ತಿರುಗಕ್ಕಾ? ಅದನ್ನೂ ನಾವೇ ಹೊರಬೇಕಾ?" ಎಂದೆ. "ಆಡು. ಬಾಗಿಲು ತೆಗೆದಿಟ್ಟು ಆಡು. ನಾವು ಮಿಕ್ಸಿ ಹಾಕ್ತೀವಿ, ಕೆಮ್ತೀವಿ, ಜಗಳ ಆಡ್ತೀವಿ. ಸಿಟ್ಟು ಬಂದ್ರೆ ನಿನ್ನ ತಟ್ಟೇಲೇ ಇಟ್ಕೋ, ನಮಗೆ ಬಡಿಸಬೇಡ."

"ಹಾಗೆ ಆಡಕ್ಕಾಗಲ್ಲ ಅಮ್ಮ" ಎಂದ ಮಗ.

"ಆಗದಿದ್ರೆ ಸೋಲಲಿ. ಸೋತು ಸತ್ತವರಿಲ್ಲ ಈ ಮನೇಲಿ."

ಮರುದಿನ ಕರೆಗಂಟೆಯ ವೈರ್ ಸೇರಿಸುವ ಕೆಲಸವನ್ನು ಮೊಮ್ಮಗನಿಗೆ ಹಚ್ಚಿದೆ. ತಾತನ ಸ್ಕ್ರೂಡ್ರೈವರ್ ಹಿಡಿಯಲು ಬಾರದೆ ಬೆರಳು ತರಚಿಕೊಂಡ. ಲಕ್ಷಾಂತರ ಗುಂಡು ಹಾರಿಸಿದ ವೀರನಿಗೆ ಎರಡು ತಂತಿ ಸೇರಿಸಲು ಅರ್ಧ ದಿನ ಹಿಡಿಯಿತು. ಗಂಟೆ ಬಾರಿಸಿದಾಗ ಎಲ್ಲರೂ ಬೆಚ್ಚಿಬಿದ್ದೆವು. ನಮ್ಮ ಮನೆಗೆ ಅಂಥ ದನಿಯೊಂದಿತ್ತು ಎಂಬುದೇ ಮರೆತಿತ್ತು.

ಟೂರ್ನಮೆಂಟಿನ ದಿನ ಶನಿವಾರ ಸಂಜೆ. ಬಾಗಿಲು ಗೋಡೆಗೆ ತಾಗುವಂತೆ ತೆರೆದಿತ್ತು. ನಾನು ಬೇಳೆ ಬೇಯಲಿಟ್ಟೆ. ಕುಕ್ಕರ್ ಮನಸಾರೆ ಕೂಗಿತು. ಬೇಕರಿಯಿಂದ ಬಂದ ಮೊಮ್ಮಗಳು ಬೇಕೆಂದೇ ಗಂಟೆಯನ್ನು ಎರಡು ಸಲ ಒತ್ತಿದಳು. ಮಗ ಹಜಾರದಲ್ಲಿ ಹೊಟ್ಟೆನೋವು ಬಂದವನಂತೆ ಅತ್ತಿಂದಿತ್ತ ಓಡಾಡಿದ. ಸೊಸೆ ಮಾತ್ರ ಲ್ಯಾಬಿನಲ್ಲಿ ಯಾರೋ ಮುದುಕ ಸೂಜಿ ಕಂಡು ಹಾಡತೊಡಗಿದ ಕಥೆಯನ್ನು ಎತ್ತರದ ದನಿಯಲ್ಲಿ ನನಗೆ ಹೇಳಿದಳು. ಅವಳಿಗೆ ಅಷ್ಟು ದೊಡ್ಡ ದನಿಯಿದೆ ಎಂದು ನನಗೂ ಗೊತ್ತಿರಲಿಲ್ಲ.

ಮೊದಲ ಸುತ್ತಿನಲ್ಲೇ ತಂಡ ಸೋತಿತು. ಅವನ ಮುಷ್ಟಿ ಮೇಲೆದ್ದದ್ದು ಅಡುಗೆಮನೆಯಿಂದ ಕಾಣಿಸಿತು. ಯಾರೂ "ಪಾಪ" ಎನ್ನಲಿಲ್ಲ, ಯಾರೂ ಸುಮ್ಮನಾಗಲಿಲ್ಲ. ಸೊಸೆ ಕಥೆ ನಿಲ್ಲಿಸಲಿಲ್ಲ. ಮುಷ್ಟಿ ಗಾಳಿಯಲ್ಲೇ ನಿಂತಿತು. ಮೈಕಿನಲ್ಲಿ ಅವನು, "ನಂದೇ ತಪ್ಪು. ನಾನೇ ತಡ ಮಾಡಿದ್ದು" ಎಂದದ್ದು ಕೇಳಿಸಿತು. ಹೆಡ್‌ಫೋನ್ ತೆಗೆದಿಟ್ಟು ಕುರ್ಚಿಯಿಂದೆದ್ದ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮುಖ ಕೆಂಪಾಗಿತ್ತು.

"ಏನು ಬೇಕು?"

"ಏನಿಲ್ಲ. ಪಾತ್ರೆ ಇದೆಯಾ ತೊಳಿಯಕ್ಕೆ?"

"ಸಿಂಕ್ ಕಾಣ್ತಿಲ್ವಾ?"

ತೋಳು ಮಡಚಿ ತೊಳೆದ. ಅರ್ಧ ನೀರು ನೆಲಕ್ಕೆ, ಅರ್ಧ ಅಂಗಿಗೆ. ನಾನು ಒಂದು ಬಾಣಲೆ ಎತ್ತಿ ನೋಡಿ ಹಿಂದಕ್ಕೆ ಹಾಕಿದೆ. "ಜಿಡ್ಡು ಹಾಗೇ ಇದೆ. ಮತ್ತೆ ಉಜ್ಜು." ಅವನು ಮತ್ತೆ ಉಜ್ಜಿದ. ನಾನು ಅವನನ್ನು ಕ್ಷಮಿಸಿದೆನೆಂದು ಯಾರೂ ತಿಳಿಯಬೇಕಾಗಿಲ್ಲ. ಕ್ಷಮೆ ಪಾತ್ರೆ ತೊಳೆದ ಕೂಲಿಯಾಗಿ ಸಿಗುವಂಥದ್ದಲ್ಲ. ಅದನ್ನು ಕೊಡುವ ಕೈ ನನ್ನದೂ ಅಲ್ಲ.

ಒಲೆ ಆರಿಸಿ, ಕೈ ತೊಳೆದುಕೊಂಡು, ನಾನು ಪ್ರಾರ್ಥನೆಗೆ ಕುಳಿತೆ. ಮೊಮ್ಮಗ ಒದ್ದೆ ಅಂಗಿಯಲ್ಲೇ ಬಂದು ಹಿಂದೆ ನಿಂತ. ಅವನಿಗೆ ಯಾವ ಪ್ರಾರ್ಥನೆಯೂ ಬಾರದು. ಕೇಳಿಸಿಕೊಳ್ಳಲಿ ಎಂದು ಗಟ್ಟಿಯಾಗಿ ಹೇಳಿದೆ.

ದೇವರೇ, ನಿನ್ನಲ್ಲಿಗೆ ಬಂದವರು ನನ್ನ ಗಂಡ. ಯಂತ್ರದ ಸದ್ದಿಗೆ ಅವರ ಎಡಗಿವಿ ಮಂದವಾಗಿದೆ. ಕರೆಯುವುದಾದರೆ ಬಲಗಡೆ ಬಂದು ಕರೆ. ಏನು ಬೇಕೆಂದು ಕೇಳಿದರೆ ಏನೂ ಬೇಡ ಎನ್ನುತ್ತಾರೆ. ನಂಬಿಬಿಡಬೇಡ, ಇನ್ನೊಂದು ಸಲ ಕೇಳು. ಇಲ್ಲಿ ನಾವು ಯಾರೂ ಕೇಳಲಿಲ್ಲ. ಮಂಡಿ ಬಾಗಿಸಲಾರದ ಆ ಜೀವವನ್ನು ನಿನ್ನ ಹತ್ತಿರ ಕೂರಿಸಿಕೊಂಡು, ಅವರ ಎದೆಯ ನೋವನ್ನು ನಿನ್ನ ಕೈಯಿಂದ ಇಳಿಸು. ಅವರ ಆತ್ಮಕ್ಕೆ ಶಾಂತಿ ಕೊಡು.